ಅವ್ವನ ಹಂಡೆ, ದೊಡ್ಡಪ್ಪನ ಮಳೆ

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿತ್ತು. ದೊಡ್ಡಪ್ಪನಿಗೆ ಪಡಸಾಲೆಯ ಕಂಬದ ಬುಡ, ದೊಡ್ಡವ್ವನಿಗೆ ಅಡುಗೆಮನೆ, ನನ್ನ ಅಪ್ಪನಿಗೆ ಕುರಿರೊಪ್ಪದ ಬಾಗಿಲು, ದೊಡ್ಡಪ್ಪನ ಮಕ್ಕಳಿಗೆ ನಡುಮನೆಯ ಉದ್ದಗಲ. ನನ್ನ ಅವ್ವನಿಗೆ ಬಚ್ಚಲುಮನೆ. ಯಾರೂ ಕೂತು ಹಾಗಂತ ತೀರ್ಮಾನ ಮಾಡಿದ್ದಲ್ಲ. ಅವ್ವನ ತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಂಡ ವರ್ಷ ದೊಡ್ಡವ್ವ ಅವಳ ಕೈಯಿಂದ ಮುದ್ದೆ ಕೋಲು ಇಸಕೊಂಡಳು. ಮಚ್ಚೆ ಬೆರಳಿಗೆ ಬಂದ ವರ್ಷ ಕುಡಿಯುವ ನೀರಿನ ಕೊಡ ಮುಟ್ಟಬೇಡ ಅಂದಳು. ಮೊಣಕೈಗೆ ಏರಿದಾಗ ತಟ್ಟೆ ಬೇರೆಯಾಯಿತು. ಹೀಗೆ ಒಂದೊಂದೇ ಹೊಸ್ತಿಲು ಹಿಂದೆ ಸರಿದು, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವ್ವ ಹಿತ್ತಿಲ ಬಚ್ಚಲಿನಲ್ಲಿ ಹಂಡೆಯ ಒಲೆ ಮುಂದೆ ಕೂತಿದ್ದಳು. ಅಲ್ಲೇ ಉಣ್ಣುತ್ತಿದ್ದಳು, ಅಲ್ಲೇ ಒಂದು ಕಂಬಳಿ ಹಾಸಿಕೊಂಡು ಮಲಗುತ್ತಿದ್ದಳು. ಐಮಂಗಲದ ಹತ್ತಿರ ಹೆದ್ದಾರಿ ಬಿಟ್ಟು ಒಳಕ್ಕೆ ನಡೆದರೆ ಸಿಗುವ ಹಟ್ಟಿಗಳಲ್ಲಿ ನಮ್ಮದೂ ಒಂದು. ಹೆಸರು ಬರೆಯುವುದಿಲ್ಲ. ಓದಿದರೆ ಅಲ್ಲಿಯವರಿಗೆ ಗೊತ್ತಾಗುತ್ತದೆ, ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ. ವಯಸ್ಸಾದ ಮೇಲೆ ಎಲ್ಲವನ್ನೂ ಕ್ಷಮಿಸಬೇಕು ಅಂತ ನನ್ನ ಜೊತೆಯ ಟೀಚರುಗಳು ಬುದ್ಧಿ ಹೇಳುತ್ತಾರೆ. ನನಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ.

ಮನೆಯವರ ಸ್ನಾನಕ್ಕೆಲ್ಲ ಅವ್ವನೇ ನೀರು ಸೇದಿ ತಂದು ಕಾಯಿಸಬೇಕು. ಬಳ್ಳಾರಿ ಜಾಲಿಯ ಮುಳ್ಳುಕಟ್ಟಿಗೆ ಕಡಿದು, ಒಲೆಗೆ ತುರುಕಿ, ಊದಿ ಊದಿ ಅವಳ ಕಣ್ಣು ಯಾವಾಗಲೂ ಕೆಂಪಗೆ ಇರುತ್ತಿತ್ತು. ಅವಳು ಮುಟ್ಟಿದ ನೀರನ್ನು ಕುಡಿದರೆ ತೊನ್ನು ಅಂಟುತ್ತದೆ, ತಲೆ ಮೇಲೆ ಹುಯ್ದುಕೊಂಡರೆ ಅಂಟುವುದಿಲ್ಲ. ಇದು ದೊಡ್ಡವ್ವನ ವೈದ್ಯಶಾಸ್ತ್ರ. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ, ಯಾಕೆಂದರೆ ಎಲ್ಲರಿಗೂ ಬಿಸಿನೀರು ಬೇಕಾಗಿತ್ತು. ಅವ್ವನ ಹೆಸರು ಕರಿಯಮ್ಮ. ದೊಡ್ಡವ್ವ ಅವಳನ್ನು ಬಿಳಿಯಮ್ಮ ಅಂತ ಕೂಗುತ್ತಿದ್ದಳು, ಕೂಗಿ ತಾನೇ ನಗುತ್ತಿದ್ದಳು. ನಾನು ಮುದ್ದೆ ತಟ್ಟೆ ಎತ್ತಿಕೊಂಡು ಅವ್ವನ ಪಕ್ಕಕ್ಕೆ ಹೋಗಿ ಕೂರುತ್ತಿದ್ದೆ. ಹುರುಳಿಕಾಳಿನ ಸಾರಿದ್ದ ದಿನ ಅವ್ವ ತನ್ನ ತಟ್ಟೆಯ ಕಾಳನ್ನೆಲ್ಲ ಬೆರಳಲ್ಲಿ ಬಳಿದು ನನ್ನ ತಟ್ಟೆಗೆ ಹಾಕುತ್ತಿದ್ದಳು. ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏ ರತ್ನಿ, ಅವಳ ತಟ್ಟೇದು ತಿಂದ್ಯೋ ನಿನ್ನ ಯಾರೂ ಮದ್ವೆ ಆಗಲ್ಲ ನೋಡು."

"ಆಗ್ದಿದ್ರೆ ಬಿಡು ದೊಡ್ಡವ್ವ, ಇಲ್ಲೇ ಇರ್ತೀನಿ. ನಿನಗೆ ನೀರು ಕಾಯ್ಸಾಕೆ ಒಬ್ರು ಬೇಕಲ್ಲ."

ಆ ಮಾತಿಗೆ ಸೌಟಿನ ಏಟು ಬಿತ್ತು. ಆ ಮನೆಯಲ್ಲಿ ನನಗೆ ಬಿದ್ದ ಏಟುಗಳನ್ನೆಲ್ಲ ನೆನಪಿಟ್ಟುಕೊಂಡಿದ್ದೇನೆ. ಅಷ್ಟರಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದದ್ದು ಅದೊಂದೇ.

ನಾಲ್ಕನೇ ತರಗತಿಯಲ್ಲಿ ಮೇಷ್ಟ್ರು ಜಲಚಕ್ರದ ಪಾಠ ಮಾಡಿದರು. ಅವರು ಹೊಸದುರ್ಗದ ಕಡೆಯವರು, ನಮ್ಮ ಪಡಸಾಲೆಯ ಪಕ್ಕದ ಕೋಣೆಯಲ್ಲೇ ಇದ್ದರು, ನಮ್ಮ ಮನೆಯಲ್ಲೇ ಊಟ. ಬೋರ್ಡಿನ ಮೇಲೆ ಸಮುದ್ರ ಬರೆದು, ಸೂರ್ಯನನ್ನು ಬರೆದು, ಮೇಲಕ್ಕೆ ನಾಲ್ಕು ಬಾಣ, ಒಂದು ಮೋಡ, ಒಂದು ಗುಡ್ಡ, ಮತ್ತೆ ಕೆಳಕ್ಕೆ ಬಾಣ ಎಳೆದರು. ನಾನು ಸಮುದ್ರ ನೋಡಿರಲಿಲ್ಲ. ಸಂಜೆ ಓಡಿಬಂದು ಅವ್ವನ ಮುಂದೆ ಎಲ್ಲವನ್ನೂ ಬೂದಿಯಲ್ಲಿ ಬರೆದು ತೋರಿಸಿದೆ. ಅವಳು ಕೇಳಿಸಿಕೊಂಡು, ಸೆರಗಿನಲ್ಲಿ ಹಿಡಿದು ಹಂಡೆಯ ಮುಚ್ಚಳ ಎತ್ತಿ ಮಗುಚಿದಳು. ಒಳಮೈ ತುಂಬ ಹನಿ.

"ಇದೇನೇ ನಿಮ್ ಮೇಷ್ಟ್ರು ಹೇಳಿದ್ದು? ಇದ್ನ ನಾನು ದಿನಾ ನೋಡ್ತೀನಲ್ಲೇ."

"ಇದಲ್ಲವ್ವ, ಅದು ಸಮುದ್ರ."

"ನನಗೆ ಇದೇ ಸಮುದ್ರ. ಬೆಂಕಿ ಐತೆ, ನೀರೈತೆ, ಆವಿ ಮೇಲಕ್ಕೋಗ್ತೈತೆ. ತಣ್ಣಗಿರೋದಕ್ಕೆ ತಾಗಿದ್ ಕೂಡ್ಲೇ ಹನಿ ಕಟ್ತೈತೆ. ಮುಚ್ಚಳ ಕಾದೋಗಿದ್ರೆ ಕಟ್ಟಲ್ಲ. ತಡಿ, ತೋರಿಸ್ತೀನಿ."

ಮುಚ್ಚಳದ ಮೇಲೆ ಒಂದು ಚೊಂಬು ತಣ್ಣೀರು ಚಿಮುಕಿಸಿ ಮತ್ತೆ ಮುಚ್ಚಿದಳು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಹನಿಗಳು ದಪ್ಪಗಾಗಿ ತಟತಟ ಉದುರಿದವು. ಹೆಬ್ಬೆಟ್ಟು ಒತ್ತುವ ಅವ್ವ ಅವತ್ತು ಕಲಿಸಿದ್ದನ್ನು ನಾನು ಮುಂದೆ ಟ್ರೈನಿಂಗಿನಲ್ಲಿ ಪುಸ್ತಕದಿಂದ ಮತ್ತೆ ಕಲಿತೆ, ಅಲ್ಲಿ ಹೊಸದೇನೂ ಇರಲಿಲ್ಲ. ಅವತ್ತು ನಾವಿಬ್ಬರೂ ಬಚ್ಚಲಿನಲ್ಲಿ ಅದೆಷ್ಟು ಸಲ ಮಳೆ ಬರಿಸಿದೆವೋ. ದೊಡ್ಡಪ್ಪ ಸ್ನಾನಕ್ಕೆ ಬಂದವನು ಹೊರಗೆ ನಿಂತು ಕೆಮ್ಮಿದ ಮೇಲೆಯೇ ಆಟ ನಿಂತದ್ದು.

ದೀಪಾವಳಿ ಕಳೆದ ಮೇಲೆ ಅವ್ವನಿಗೆ ಕಾಮಾಲೆ ಬಂತು. ನಾಟಿ ಔಷಧಿ ಕುಡಿಸಿದರು, ಹಿರಿಯೂರಿಗೆ ಕರೆದುಕೊಂಡು ಹೋಗೋಣ ಅನ್ನುವಷ್ಟರಲ್ಲಿ ಮುಗಿದುಹೋಯಿತು. ಅವಳನ್ನು ಅಂಗಳದಲ್ಲಿ ಮಲಗಿಸಿದ್ದಾಗಲೇ ಪಡಸಾಲೆಯಲ್ಲಿ ಜಗಳ ಶುರುವಾಯಿತು. ನಮ್ಮ ಜನ ಹೆಣ ಸುಡುವವರಲ್ಲ, ಹೂಳುವವರು. ಹಿರಿಯರನ್ನೆಲ್ಲ ಒಂದೇ ಸಾಲಿನಲ್ಲಿ ಮಣ್ಣು ಮಾಡಿ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ಆದರೆ ತೊನ್ನು ಇದ್ದವರ ಹೆಣ ಮಾತ್ರ ಮಣ್ಣಿಗೆ ಹೋಗಬಾರದು, ಹೋದರೆ ನೆಲ ಅದನ್ನು ಕರಗಿಸುವುದಿಲ್ಲ, ಆ ನೆಲದ ಮೇಲೆ ಮೋಡ ನಿಲ್ಲುವುದಿಲ್ಲ ಅಂತ ನಮ್ಮ ಸೀಮೆಯಲ್ಲೆಲ್ಲ ನಂಬಿಕೆ. ಸುಟ್ಟವರಿಗೆ ಹಿರಿಯರ ಸಾಲಿನಲ್ಲಿ ಜಾಗವೂ ಇಲ್ಲ, ಎಡೆಯೂ ಇಲ್ಲ.

"ಸುಟ್ಬಿಡಾಣ," ಅಂದ ದೊಡ್ಡಪ್ಪ. "ಮಳೆ ನಿಂತ್ರೆ ಹಟ್ಟಿಗೆ ಹಟ್ಟೀನೇ ನಮ್ಮ ಬಾಯಿಗೆ ಮಣ್ಣು ಹಾಕ್ತೈತೆ."

ಅಣ್ಣನ ಮುಂದೆ ಅಲ್ಲಿಯವರೆಗೆ ತಲೆ ಎತ್ತದ ಅಪ್ಪ ಅವತ್ತು ಎದ್ದು ನಿಂತ.

"ನಮ್ಮಪ್ಪ ನಮ್ಮವ್ವ ಎಲ್ಲಾ ಮಣ್ಣಾಗವ್ರೆ. ಅವಳೂ ಮಣ್ಣಾಗ್ತಾಳೆ. ಬೆಂಕಿ ಮುಂದೆ ಕುಂತು ಕುಂತು ಬೆಂದವ್ಳೆ, ಇನ್ನ ಬೆಂಕಿಗೆ ಹಾಕಲ್ಲ ನಾನು."

ಹಿರಿಯರ ಸಾಲಿಗೆ ಹಟ್ಟಿಯವರು ಬಿಡಲಿಲ್ಲ. ಜವನಗೊಂಡನಹಳ್ಳಿಯಿಂದ ಬಂದಿದ್ದ ಅವ್ವನ ತಮ್ಮಂದಿರಿಬ್ಬರು, ಅಪ್ಪ, ನಾನು, ನಾಲ್ಕೇ ಜನ ಹೆಣ ತೆಗೆದುಕೊಂಡು ನಡೆದು ನಮ್ಮ ಹೊಲ ದಾಟಿ ಕಲ್ಲುಬಯಲಿನ ಅಂಚಿಗೆ ಹೋದೆವು. ಅಪ್ಪನೇ ಗುಂಡಿ ತೋಡಿದ. ಮುಚ್ಚಿದ ಮೇಲೆ ದಿಬ್ಬ ಉಳಿಯದ ಹಾಗೆ ಮಣ್ಣು ಸಮ ಮಾಡಿ, ಕಲ್ಲು ಹರಡಿ, ಮುಳ್ಳು ಎಳೆದ. ಮಾವಂದಿರು ಊರಿಗೆ ಹೋದರು. ಅಪ್ಪ ನನ್ನನ್ನು ಹತ್ತಿರ ಕರೆದು "ಈ ಜಾಗ ಯಾರಿಗೂ ತೋರಿಸ್ಬ್ಯಾಡ ಮಗ" ಅಂದ. ಪ್ರತಿ ವರ್ಷದ ಹಾಗೆ ಕುರಿ ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆ ಬಯಲಿನ ಕಡೆಗೆ ಹೊರಟುಹೋದ. ಅವನು ವಾಪಸು ಬರುವುದು ನಮ್ಮ ಕಡೆ ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ. ಮಳೆ ಬರಲಿಲ್ಲ, ಅಪ್ಪನೂ ಬರಲಿಲ್ಲ.

ರೋಹಿಣಿ ಹೋಯಿತು, ಮೃಗಶಿರಾ ಹೋಯಿತು. ಕಪ್ಪೆಗೆ ಮದುವೆ ಮಾಡಿದರು, ಮಣ್ಣಿನ ಮಳೆರಾಯನನ್ನು ಹಲಗೆ ಮೇಲಿಟ್ಟು ಮನೆಮನೆಗೆ ಹೊತ್ತು ತಿರುಗಿದರು. ಮೋಡ ಬಂದು ಇಣುಕಿ ನೋಡಿ ಹೊಳಲ್ಕೆರೆ ಕಡೆಗೆ ಹೋಗುತ್ತಿತ್ತು. ಒಂದು ದಿನ ಕಟ್ಟೆ ಮೇಲೆ ಜನ ಸೇರಿದಾಗ ದೊಡ್ಡಪ್ಪ ತಾನಾಗಿಯೇ ಎದ್ದು ನಿಂತು, ತಪ್ಪು ನಮ್ಮ ಮನೆಯದೇ, ನಾನೇ ಸರಿ ಮಾಡುತ್ತೇನೆ ಅಂದನಂತೆ. ಹಟ್ಟಿಯ ಯಜಮಾನಿಕೆ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. ತಮ್ಮನ ಹೆಂಡತಿಯ ಹೆಣಕ್ಕಿಂತ ಸುಲಭದ ಮೆಟ್ಟಿಲು ಅವನಿಗೆ ಇನ್ನೆಲ್ಲಿ ಸಿಗಬೇಕು? ಆದರೆ ಜಾಗ ಎಲ್ಲಿ ಅಂತ ಗೊತ್ತಿರಲಿಲ್ಲ. ಹಟ್ಟಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಭಾನುವಾರ ಬೆಳಿಗ್ಗೆ ದೊಡ್ಡವ್ವ ನನ್ನನ್ನು ಎಬ್ಬಿಸಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಅವ್ವ ಸತ್ತ ಮೇಲೆ ನನ್ನ ತಲೆ ಯಾರೂ ಮುಟ್ಟಿರಲಿಲ್ಲ. ಜಡೆ ಹೆಣೆದು, ಅಡುಗೆಮನೆಯ ಒಳಗೇ ಮಣೆ ಹಾಕಿ, ತುಪ್ಪ ಹಾಕಿ ಹೋಳಿಗೆ ಕೊಟ್ಟಳು.

"ನಿಮ್ಮವ್ವಂಗೆ ಎಡೆ ಇಡಾಣ ಅಂತ ಮಾಡೀನಿ. ಪಾಪ, ಉಪವಾಸ ಅವ್ಳೆ. ಎಲ್ಲೈತೆ ಜಾಗ, ತೋರಿಸ್ತೀಯಾ ತಾಯಿ?"

ತಾಯಿ ಅಂದಳು. ನಾನು ಎರಡು ಹೋಳಿಗೆ ತಿಂದೆ. ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ. ಎಡೆಯ ಎಲೆಯನ್ನು ನಾನೇ ಹಿಡಿದುಕೊಂಡು ಮುಂದೆ ಮುಂದೆ ಓಡಿದೆ, ಹಿಂದೆ ದೊಡ್ಡವ್ವ. ಕಲ್ಲುಬಯಲಿನಲ್ಲಿ ನಿಂತು ಇಲ್ಲೇ ಅಂತ ತೋರಿಸಿದೆ. ಅಷ್ಟೂ ಸಾಲದು ಅಂತ, ತಲೆ ಈ ಕಡೆ, ಕಾಲು ಆ ಕಡೆ ಅಂತಲೂ ಹೇಳಿದೆ. ಆಗ ಕಳ್ಳಿ ಬೇಲಿಯ ಆಚೆಯಿಂದ ನಾಲ್ಕು ಜನ ಹಾರೆ, ಗುದ್ದಲಿ ಹಿಡಿದು ಎದ್ದು ಬಂದರು. ಹಿಂದೆ ದೊಡ್ಡಪ್ಪ, ಕೈಯಲ್ಲಿ ಸೀಮೆಎಣ್ಣೆ ಡಬ್ಬ. ನಾನು ಕೂಗುವುದಕ್ಕೆ ಬಾಯಿ ತೆಗೆದರೆ ದೊಡ್ಡವ್ವನ ಕೈ ಅದನ್ನು ಮುಚ್ಚಿತು. ಆ ಕೈಯಲ್ಲಿ ಇನ್ನೂ ತುಪ್ಪದ ವಾಸನೆ ಇತ್ತು. ದರದರ ಎಳೆದುಕೊಂಡು ಬಂದು ಮನೆಯೊಳಗೆ ಬಿಟ್ಟಳು. ನಾನು ಏಣಿ ಹತ್ತಿ ಮಾಳಿಗೆ ಮೇಲೆ ಹೋಗಿ ನಿಂತೆ. ಕಲ್ಲುಬಯಲಿನಿಂದ ಕರೀ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಮಧ್ಯಾಹ್ನದವರೆಗೂ ನೋಡಿದೆ.

ಮೂರನೇ ದಿನ ಮಳೆ ಬಂತು. ಮಳೆಯೂ ದೊಡ್ಡಪ್ಪನ ಪಾರ್ಟಿ ಸೇರಿತು. ಅಂಥಾ ಮಳೆಯನ್ನು ನಾನು ಆಮೇಲೆ ಬಹಳ ಸಲ ನೋಡಿದ್ದೇನೆ, ಒಂದನ್ನೂ ಪ್ರೀತಿಸಲಿಲ್ಲ. ಹಟ್ಟಿಯವರು ದೊಡ್ಡಪ್ಪನಿಗೆ ರುಮಾಲು ಸುತ್ತಿ, ಹಾರ ಹಾಕಿ, ತಮಟೆ ಬಡಿದು ಮನೆಗೆ ಕರೆದುಕೊಂಡು ಬಂದರು. ಮನೆಯಲ್ಲಿ ಪಾಯಸ. ನಾನು ಪಾಯಸದ ಪಾತ್ರೆಯನ್ನು ಹಾಗೇ ಎಳೆದುಕೊಂಡು ಹೋಗಿ ಬಚ್ಚಲ ಮೋರಿಗೆ ಸುರಿದೆ. ಬಿದ್ದ ಏಟಿನ ಲೆಕ್ಕ ಇದೆ, ಸಿಕ್ಕ ಸಮಾಧಾನದ ಲೆಕ್ಕ ಇಲ್ಲ. ಬಚ್ಚಲ ಒಲೆ ನನ್ನ ಪಾಲಿಗೆ ಬಂತು. ಆ ಮನೆಯಲ್ಲಿ ಇದ್ದಷ್ಟು ದಿನ ದೊಡ್ಡಪ್ಪನ ಸರದಿ ಬರುವ ಹೊತ್ತಿಗೆ ಸರಿಯಾಗಿ ಕೊಳ್ಳಿ ಹೊರಗೆ ಎಳೆದು ಹಂಡೆಗೆ ಎರಡು ಕೊಡ ತಣ್ಣೀರು ಹಾಕಿಬಿಡುತ್ತಿದ್ದೆ. ಕಟ್ಟಿಗೆ ಹಸಿ ಇದೆ ಅಂತ ಅವನು ಬೈಯುತ್ತಿದ್ದ.

ಶಾಲೆಯಲ್ಲಿ ಮೇಷ್ಟ್ರು ಬೋರ್ಡು ಒರೆಸುತ್ತಿದ್ದಾಗ ಹೋಗಿ ಕೇಳಿದೆ.

"ಸಾ, ಹೆಣ ಸುಟ್ಟಿದ್ದಕ್ಕೆ ಮಳೆ ಬಂತಾ?"

ಅವರು ನನ್ನ ಕಡೆ ತಿರುಗಲಿಲ್ಲ.

"ಅದೆಲ್ಲ ದೊಡ್ಡೋರ ವಿಷ್ಯ ಕಣಮ್ಮ. ನೀನು ಪಾಠ ಓದ್ಕೋ ಹೋಗು."

ಪಾಠವನ್ನೇ ನಾನು ಕೇಳಿದ್ದು. ಬಾಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯ ಮುದ್ದೆ ಅವರ ನಾಲಿಗೆ ಮೇಲೆ ಕೂತಿತ್ತು. ಅವತ್ತು ರಫ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ದ್ವೇಷ ಮಾಡಬೇಕಾದವರ ಹೆಸರು ಬರೆದೆ. ಮೊದಲು ದೊಡ್ಡಪ್ಪ, ಆಮೇಲೆ ದೊಡ್ಡವ್ವ, ಮೂರನೆಯವರು ಮೇಷ್ಟ್ರು. ನಾಲ್ಕನೆಯದು ರತ್ನಮ್ಮ, ನಾನೇ. ಹೋಳಿಗೆಗೆ ಅವ್ವನನ್ನು ತೋರಿಸಿಕೊಟ್ಟವಳು. ಹುಲ್ಲು ಚಿಗುರಿದ ಮೇಲೆ ಅಪ್ಪ ಬಂದ. ದಾರಿಯಲ್ಲೇ ಯಾರೋ ಹೇಳಿದ್ದರು. ಮನೆಗೆ ಬಂದವನು ಯಾರ ಜೊತೆಗೂ ಜಗಳ ಆಡಲಿಲ್ಲ, ಎರಡೇ ದಿನದಲ್ಲಿ ನಡುಮನೆಗೆ ಅಡ್ಡಲಾಗಿ ಮಣ್ಣಿನ ಗೋಡೆ ಎಬ್ಬಿಸಿ ಬೇರೆಯಾದ. ಜಾಗ ಯಾರು ತೋರಿಸಿದರು ಅಂತ ಅವನು ಒಂದು ದಿನವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವನು ಕೇಳದೆಯೇ ಒಂದು ದಿನ ತೀರಿಹೋದ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಚಿತ್ರದುರ್ಗದಲ್ಲಿ ಟ್ರೈನಿಂಗ್ ಮುಗಿಸಿ ಕೆಲಸ ಸಿಕ್ಕಿ ಕೆಲವು ವರ್ಷ ಅಲ್ಲಿ ಇಲ್ಲಿ ಇದ್ದ ಮೇಲೆ, ಎಲ್ಲರೂ ಪೇಟೆಯ ಶಾಲೆ ಕೇಳುವಾಗ ನಾನು ನಮ್ಮ ಹಟ್ಟಿ ಶಾಲೆ ಕೇಳಿದೆ. ಸ್ವಂತ ಊರಿನ ಮೇಲೆ ಎಷ್ಟು ಅಭಿಮಾನ ಅಂತ ಕಚೇರಿಯಲ್ಲಿ ಹೊಗಳಿದರು. ನಾನು ಸುಮ್ಮನೆ ನಕ್ಕೆ. ಹಾರೆ ಹಿಡಿದ ನಾಲ್ಕು ಮನೆ ಯಾವುವು ಅಂತ ನನಗೆ ಗೊತ್ತಿತ್ತು, ಆ ನಾಲ್ಕೂ ಮನೆಯ ಮಕ್ಕಳು ನನ್ನ ಕೈಗೆ ಬರುತ್ತಿದ್ದರು. ಬೇರೆ ಶಾಲೆಯಲ್ಲಿ ಎರಡು ಪೀರಿಯಡ್ಡಿಗೆ ಮುಗಿಯುವ ಜಲಚಕ್ರ ನನ್ನ ಶಾಲೆಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಮೊದಲ ದಿನ ಹಂಡೆ, ಬೆಂಕಿ, ಮುಚ್ಚಳ. ಎರಡನೇ ದಿನ ಮನೆಗೆಲಸ: ಮಳೆ ಯಾಕೆ ನಿಲ್ಲುತ್ತದೆ ಅಂತ ನಿಮ್ಮ ಅಜ್ಜಂದಿರನ್ನು ಕೇಳಿಕೊಂಡು ಬನ್ನಿ. ಮಕ್ಕಳು ಕೇಳಿಕೊಂಡು ಬರುತ್ತಿದ್ದರು. ತೊನ್ನಿನ ಹೆಣ ಅಂತ ಬರೆದುಕೊಂಡು ಬಂದವರನ್ನು ನಾನು ಬೈಯುತ್ತಿರಲಿಲ್ಲ. ಸರಿ, ನೋಡಿಯೇಬಿಡಾಣ ಅನ್ನುತ್ತಿದ್ದೆ. ಎರಡು ಕುಂಡಕ್ಕೆ ಒದ್ದೆ ಮಣ್ಣು ತುಂಬಿ, ಒಂದರಲ್ಲಿ ಸತ್ತ ಓತಿಕ್ಯಾತ ಹೂತು, ಎರಡಕ್ಕೂ ಗಾಜು ಮುಚ್ಚಿ ಬಿಸಿಲಿಗಿಡುವುದು. ಒಂದು ವರ್ಷ ದೊಡ್ಡಪ್ಪನ ಮೊಮ್ಮಗಳೇ ಎದ್ದು ನಿಂತಳು.

"ಮಿಸ್, ಓತಿಕ್ಯಾತಕ್ಕೆ ತೊನ್ನಿಲ್ವಲ್ಲ. ಸುಣ್ಣ ಬಳಿಯಾಣ."

ಬಳಿದೆವು. ಎರಡು ಗಾಜಿನಲ್ಲೂ ಸಮಸಮ ಹನಿ. ಆ ಹುಡುಗಿ ಮನೆಗೆ ಹೋಗಿ ಊಟಕ್ಕೆ ಕೂತಿದ್ದ ತಾತನ ಮುಂದೆ ಇದನ್ನೆಲ್ಲ ಒಪ್ಪಿಸಿದಳಂತೆ. ಮಾರನೇ ದಿನ ದೊಡ್ಡಪ್ಪನ ದೊಡ್ಡ ಮಗ ಶಾಲೆ ಬಾಗಿಲಿಗೆ ಬಂದ.

"ಏನ್ ರತ್ನಮ್ಮ, ಮಕ್ಳಿಗೆ ಇದೇನ್ ಹೇಳಿಕೊಡ್ತಿದೀಯ?"

"ಜಲಚಕ್ರ ಕಣಪ್ಪ. ಸರ್ಕಾರದ ಪುಸ್ತಕದಾಗೈತೆ. ಬೇಕಾರೆ ನೀನೂ ಬಂದು ಕುಂತ್ಕ, ನಿಮ್ಮಪ್ಪನ್ನೂ ಕರ್ಕಂಬಾ."

ದೊಡ್ಡಪ್ಪ ಆಗ ಬರಲಿಲ್ಲ. ಎಂಬತ್ತು ದಾಟಿದ ಮೇಲೆ ಬಂದ. ಅಷ್ಟರಲ್ಲಿ ದೊಡ್ಡವ್ವ ಹೋಗಿದ್ದಳು, ಅವನ ತುಟಿ ಮೇಲೂ ಕುತ್ತಿಗೆ ಮೇಲೂ ಬಿಳಿ ಮಚ್ಚೆ ಎದ್ದಿದ್ದವು. ನೋಡಿ ನನಗೆ ಸಂತೋಷವಾಯಿತು, ಹಾಗೆ ಬರೆಯುವುದಕ್ಕೆ ನಾಚಿಕೆಯಿಲ್ಲ. ದೇವರು ಕೊಟ್ಟ ಶಿಕ್ಷೆ ಅಂತ ಹಟ್ಟಿಯಲ್ಲಿ ಒಂದಿಬ್ಬರು ಅಂದರು. ಹಾಗನ್ನುವ ಸುಖ ಮಾತ್ರ ನನಗಿರಲಿಲ್ಲ. ಅದು ಶಿಕ್ಷೆಯಾದರೆ ಅವ್ವನಿಗೆ ಬಂದದ್ದೂ ಶಿಕ್ಷೆಯೇ ಆಗುತ್ತದಲ್ಲ. ಚರ್ಮದ ಬಣ್ಣ ಯಾರಿಗೆ ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು, ಅಂಟುವುದಿಲ್ಲ ಅಂತ ನಾನೇ ಮಕ್ಕಳಿಗೆ ಹೇಳಿಕೊಡುವವಳು. ಅವನು ಕೋಲೂರಿಕೊಂಡು ಶಾಲೆಯ ಜಗುಲಿಗೆ ಬಂದ. ಒಳಗೆ ನಾಲ್ಕನೇ ತರಗತಿ.

"ಬರ್ರಿ ದೊಡ್ಡಪ್ಪ, ಕುಂತ್ಕಳ್ರಿ."

"ನಿನ್ ಮಾತು ಹಟ್ಟಿಯೋರು ಕೇಳ್ತಾರೆ ಕಣವ್ವ. ನಾನು ಹೋದ್ರೆ ನನ್ನ ಸುಡ್ಬ್ಯಾಡ್ರಿ ಅಂತ ಹೇಳು. ನಮ್ಮಪ್ಪನ ಪಕ್ಕದಾಗೆ ಹಾಕಿಸು."

"ಅದಕ್ಕೆ ಮೊದ್ಲು ಪಾಠ ಬರ್ಬೇಕಲ್ಲ. ಮಳೆ ಹೆಂಗ್ ಬರ್ತೈತೆ, ಹೇಳ್ರಿ ನೋಡಾಣ."

ಮಕ್ಕಳು ಒಂದೊಂದೇ ಸಾಲು ಹೇಳಿಕೊಟ್ಟರು. ಅವನು ಹಿಂದೆಯೇ ಹೇಳಿದ. ಬಿಸಿಲಿಗೆ ನೀರು ಆವಿ ಆಗ್ತೈತೆ. ಮೇಲಕ್ಕೋಗ್ತೈತೆ. ತಣ್ಣಗಾದ್ರೆ ಮೋಡ. ಹನಿ ಭಾರ ಆದ್ರೆ ಮಳೆ. ಎರಡು ಸಲ ತಪ್ಪಿದ, ಎರಡು ಸಲವೂ ಮೊದಲಿನಿಂದ ಹೇಳಿಸಿದೆ. ಕೊನೆಗೆ ಕೇಳಿದೆ.

"ಇದ್ರಾಗೆ ಹೆಣ ಎಲ್ಲಿ ಬರ್ತೈತೆ ದೊಡ್ಡಪ್ಪ?"

"ಎಲ್ಲೂ ಬರಲ್ಲ ಮಿಸ್!" ಅಂತ ಇಡೀ ತರಗತಿ ಕೂಗಿತು.

"ನಿಮ್ಮನ್ನಲ್ಲ, ಅವರನ್ನ ಕೇಳಿದ್ದು."

"ಎಲ್ಲೂ ಬರಲ್ಲ," ಅಂದ ದೊಡ್ಡಪ್ಪ. "ಹಾಕಿಸ್ತೀಯೇನವ್ವ?"

"ನೋಡಾಣ," ಅಂದೆ.

ಆ ಒಂದು ಮಾತು ಹೊತ್ತುಕೊಂಡು ಅವನು ಇನ್ನೂ ಒಂದು ವರ್ಷ ಬದುಕಿದ. ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ನಾನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಅವನು ಸತ್ತ ವರ್ಷ ಮಳೆ ತಡವಾಗಿತ್ತು, ಆರಿದ್ರಾ ಬಂದರೂ ನೆಲ ಒದ್ದೆಯಾಗಿರಲಿಲ್ಲ. ಬೆಳಿಗ್ಗೆ ಸುದ್ದಿ ತಿಳಿದ ಮೇಲೆ ನಾನು ಸೀರೆ ಬದಲಾಯಿಸಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೂಳುವುದೋ ಸುಡುವುದೋ ಅಂತ ಕೇಳುವುದಕ್ಕೆ ಅವರು ನನ್ನ ಹತ್ತಿರವೇ ಬರಬೇಕು. ಸುಡಿ ಅಂದರೆ ಇಷ್ಟು ವರ್ಷ ಕಲಿಸಿದ್ದನ್ನು ನಾನೇ ಸುಟ್ಟ ಹಾಗೆ. ಹೂಳಿ ಅಂದರೆ ಅವ್ವನಿಗೆ ಸಿಗದ ಮಣ್ಣು ಅವನಿಗೆ ಸಿಗುತ್ತದೆ. ಎರಡು ಉತ್ತರಗಳನ್ನೂ ಬಾಯಲ್ಲಿಟ್ಟುಕೊಂಡು ಕಾದೆ. ಹೊತ್ತು ನೆತ್ತಿಗೆ ಬಂದಾಗ ಮಂಜುನಾಥ ಬಂದ. ನನ್ನ ಹಳೇ ವಿದ್ಯಾರ್ಥಿ, ಅವ್ವನ ಗುಂಡಿಗೆ ಹಾರೆ ಹಾಕಿದ ನಾಲ್ವರಲ್ಲಿ ಒಬ್ಬನ ಮೊಮ್ಮಗ. ಮೈತುಂಬ ಕೆಂಪು ಧೂಳು.

"ಟೀಚರ್, ಶಾಲೆ ಬೀಗದ ಕೈ ಕೊಡ್ರಿ. ಒಂದು ಸಲಿಕೆ ಬೇಕಾಗಿತ್ತು. ಗುಂಡಿ ಅರ್ಧ ಆಗೈತೆ, ನಮ್ಮ ಸಲಿಕೆ ಹಿಡಿ ಮುರ್ದೋಯ್ತು."

"ಗುಂಡಿಯೇನೋ? ಹೂಳ್ತೀರಾ? ಅವನಿಗೆ ತೊನ್ನಿತ್ತಲ್ಲೋ. ಮಳೆ ಬೇರೆ ಬಂದಿಲ್ಲ."

ಅವನು ನನ್ನನ್ನು ದಡ್ಡ ಮಗುವನ್ನು ನೋಡುವ ಹಾಗೆ ನೋಡಿದ.

"ಅದಕ್ಕೂ ಇದಕ್ಕೂ ಏನ್ ಸಂಬಂಧ ಟೀಚರ್? ನೀವೇ ಹಿಂಗ್ ಕೇಳಿದ್ರೆ?"

ಯಾರೂ ನನ್ನನ್ನು ಕೇಳುವುದಕ್ಕೆ ಬಂದಿರಲಿಲ್ಲ. ಸುಡಬೇಕು ಅನ್ನುವುದು ಅವರಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ. ಬೀಗದ ಕೈ ಕೊಟ್ಟೆ. ಅವನು ಹೋದ ಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ, ದೊಡ್ಡಪ್ಪನಿಗಲ್ಲ. ಅವನ ಮಣ್ಣಿಗೆ ನಾನು ಹೋಗಲಿಲ್ಲ.